ಬಿಸಿಲಿಗೆ ಹಾಕಿದ ರೀಲು

3 ಫೆಬ್ರವರಿ 2025, ಸೋಮವಾರ

ಬೆಳಿಗ್ಗೆಯಿಂದ ಎರಡು ಲಗ್ನಪತ್ರಿಕೆ, ಒಂದು ಬೋರ್‌ವೆಲ್ ಜಾಹೀರಾತು ತಿದ್ದಿದೆ. ಎಂ.ಎ. ಕನ್ನಡ, ಫಸ್ಟ್ ಕ್ಲಾಸ್. ಹಾವೇರಿಯ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಬೇಸರವಿಲ್ಲ. ಕಾಗದ ನನ್ನನ್ನು ಮಾತಾಡಿಸುವುದಿಲ್ಲ.

ಮಧ್ಯಾಹ್ನ ಬ್ಯಾಡಗಿಯಿಂದ ಒಬ್ಬರು ಬಂದರು. ಸಿದ್ದಲಿಂಗಪ್ಪ. ಮೆಣಸಿನಕಾಯಿ ತುಂಬುವ ಗೋಣಿಚೀಲದ ವ್ಯಾಪಾರ. ಅವರ ತಾಯಿಯ ತಂದೆಯ ಮೇಲೆ ಒಂದು ಸಣ್ಣ ಪುಸ್ತಕ ಆಗಬೇಕಂತೆ.

‘ನಮ್ಮಜ್ಜ ಸಿನಿಮಾ ಕಂಡುಹಿಡದಾನ್ರಿ.’

ಮಾಲೀಕರು ನಕ್ಕರು. ‘ಸಿನಿಮಾ ಕಂಡುಹಿಡದಾಂವ ಬ್ಯಾಡಗ್ಯಾಗ ಹುಟ್ಟಿದ್ನೇನೋ ಮಾರಾಯ?’

‘ಬ್ಯಾಡಗ್ಯಾಗ ಆತ ಕಂಡುಹಿಡದ. ಬ್ಯಾರೆ ಕಡೆ ಬ್ಯಾರೇದವ್ರು ಹಿಡದಿರಬೇಕು, ನಮಗೇನ್ ಗೊತ್ರಿ?’

ಬರೆಯುವವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಮಾಲೀಕರು ನನ್ನ ಕಡೆ ಕೈ ತೋರಿಸಿದರು. ಆಗುವುದಿಲ್ಲ ಎನ್ನಬೇಕಿತ್ತು. ನೆಲ ನೋಡಿದೆ. ಅದನ್ನೇ ಒಪ್ಪಿಗೆ ಎಂದುಕೊಂಡು ಹೋದರು. ನನ್ನ ಬದುಕಿನ ಎಲ್ಲ ಒಪ್ಪಿಗೆಗಳೂ ಹೀಗೇ ಆಗಿವೆ.

6 ಫೆಬ್ರವರಿ, ಗುರುವಾರ

ಪ್ಯಾಸೆಂಜರ್ ಗಾಡಿಯಲ್ಲಿ ಬ್ಯಾಡಗಿ. ಇವತ್ತು ಮಾರ್ಕೆಟ್ ದಿನ. ಸ್ಟೇಷನ್ನಿನಿಂದ ಅವರ ಮನೆ ಮುಟ್ಟುವಷ್ಟರಲ್ಲಿ ಮೆಣಸಿನಕಾಯಿ ಘಾಟಿಗೆ ಏಳು ಸೀನು.

ಸಿದ್ದಲಿಂಗಪ್ಪನವರ ತಾಯಿ ದೇವವ್ವ. ಎಂಬತ್ತಾರು. ಎಲ್ಲರೂ ಆಯಿ ಅಂತಾರೆ. ಅರವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಆರಿಸಿದ, ತೊಟ್ಟು ಬಿಡಿಸಿದ ಕೈ. ಬೆರಳ ತುದಿ ಈಗಲೂ ಕೆಂಪು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ದೃಷ್ಟಿ ಹೋಗುತ್ತಿದೆ. ಪಕ್ಕದಲ್ಲಿ ಗೆಳತಿ ಅಮೀರಬಿ. ಇಬ್ಬರೂ ಒಂದೇ ರಾಶಿಯ ಮುಂದೆ ಕೂತು ಮುದುಕಿಯರಾದವರು.

‘ಎಷ್ಟ್ ಮೆತ್ತಗ ಮಾತಾಡ್ತೀ ಬೇ! ನನಗ ಕಣ್ಣು ಹೋಗಾಕತ್ತಾವು, ಕಿವಿ ಅಲ್ಲ’ ಅಂದರು ಆಯಿ.

‘ಒಂದು ಕಡ್ಡಿ ಮೆಣಸಿನಕಾಯಿ ತಿನಸು ಆಕೀಗೆ, ದನಿ ತಾನ ಬರ್ತೈತಿ’ ಅಂದಳು ಅಮೀರಬಿ.

ಬರೆದುಕೊಂಡದ್ದು: ಹೆಸರು ಬೀರಲಿಂಗಪ್ಪ. ಗ್ಯಾಸಬತ್ತಿ, ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ. ಹುಬ್ಬಳ್ಳಿಯಲ್ಲಿ ಒಮ್ಮೆ ಬಯಸ್ಕೋಪ್ ನೋಡಿ ಬಂದ. ಮೂರು ವರ್ಷ ಕೂತು ಸಾಗವಾನಿ ಪೆಟ್ಟಿಗೆಗೆ ಹೊಲಿಗೆ ಮಷಿನ್ನಿನ ಗಾಲಿ, ಗಡಿಯಾರದ ಹಲ್ಲು ಕೂಡಿಸಿ ತನ್ನದೇ ಕ್ಯಾಮೆರಾ ಮಾಡಿದ. ಹಿಂದೆ ಗ್ಯಾಸಬತ್ತಿ ಇಟ್ಟರೆ ತೋರಿಸುವ ಮಷಿನ್ನೂ ಅದೇ. ಮುಂಬಯಿಯಿಂದ ಫಿಲ್ಮ್ ತರಿಸಿ, ನೀರು ಕಾಯಿಸುವ ಹಂಡೆಯಲ್ಲಿ ತೊಳೆಯುತ್ತಿದ್ದ. ಹಗಲು ಒಂದು ಊರಿನ ಜನರನ್ನು ಹಿಡಿಯುವುದು, ಮುಂದಿನ ಅಮಾವಾಸ್ಯೆಗೆ ಅದೇ ಊರಲ್ಲಿ ಗೋಣಿಚೀಲ ಹೊಲಿದು ಮಾಡಿದ ಟೆಂಟಿನಲ್ಲಿ ತೋರಿಸುವುದು. ಚಕ್ಕಡಿ ಮೇಲೆ ನಿಂತು ತಾನೇ ಹಲಗೆ ಬಾರಿಸಿ ಡಂಗುರ. ಒಂದು ಕರಪತ್ರ ಉಳಿದಿದೆ. ‘ನಿಮ್ಮ ಮುಖ ನೀವೇ ನೋಡಿರಿ. ನಡೆಯುವಾಗ ಹೇಗಿದ್ದೀರಿ, ನಗುವಾಗ ಹೇಗಿದ್ದೀರಿ, ತಿಳಿಯಿರಿ. ಒಂದು ಆಣೆ.’

ಓದಿ ನನಗೆ ಮೈ ಜುಮ್ಮೆಂದಿತು. ನಮ್ಮ ಜನ ನೀರಲ್ಲಿ, ಕನ್ನಡಿಯಲ್ಲಿ ಬಿಟ್ಟರೆ ತಮ್ಮ ಮುಖ ನೋಡಿರದ ಕಾಲ.

ಹೆಂಡತಿ ಕರೆವ್ವ. ಇದೇ ಯಾರ್ಡಿನಲ್ಲಿ ದುಡಿಯುತ್ತಿದ್ದಳು. ಆಕೆ ಮೆಣಸಿನಕಾಯಿ ಹರವುವುದನ್ನು ಗಂಡ ಕ್ಯಾಮೆರಾದಲ್ಲಿ ಹಿಡಿದ. ಆರು ತಿಂಗಳಿಗೆ ಜ್ವರ ಬಂದು ತೀರಿಕೊಂಡಳು. ಆಯಿಗೆ ಆಗ ಎರಡು ವರ್ಷ.

‘ಮಂದಿ ಏನಂದ್ರು ಗೊತ್ತೈತೇನ? ಪೆಟ್ಟಿಗಿ ಹೆಂಡ್ತೀನ ನುಂಗಿತು ಅಂದ್ರು. ಟೆಂಟಿಗೆ ಒಬ್ಬ ಬರಲಿಲ್ಲ. ನಮ್ಮಪ್ಪ ಐರಣಿಗೆ ಹೋಗಿ ಪೆಟ್ಟಿಗಿ ಹೊಳ್ಯಾಗ ಒಗದು ಬಂದ.’

ಆಯಿಗೆ ತಾಯಿಯ ಮುಖ ನೆನಪಿಲ್ಲ. ಒಂದೂ ಫೋಟೋ ಇಲ್ಲ. ಸೋದರತ್ತೆ ಹೇಳಿದ ಒಂದೇ ಒಂದು ಗುರುತು ಗೊತ್ತು.

‘ಬಲಗೈ ಮುಂಗೈ ಮ್ಯಾಲ ಚೇಳಿನ ಹಚ್ಚಿ ಇತ್ತಂತ. ಇಷ್ಟುದ್ದ. ನಾ ಅದನ್ನ ಹಿಡಕೊಂಡ ಮಲಗ್ತಿದ್ನಂತ.’

20 ಫೆಬ್ರವರಿ, ಗುರುವಾರ

ಆಯಿಯನ್ನು ರಾಣೆಬೆನ್ನೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ನಾನೂ ಹೋಗಿದ್ದೆ. ಡಾಕ್ಟರು ಹೊರಗೆ ಬಂದು ಮಗನಿಗೆ ಮೆಲ್ಲಗೆ ಹೇಳಿದರು—ಮಳೆಗಾಲದವರೆಗೆ. ಆಮೇಲೆ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗಬಹುದು.

ಅಲ್ಲಿಂದ ನಾನೊಬ್ಬಳೇ ಐರಣಿ ಬಸ್ಸು ಹತ್ತಿದೆ. ಪೆಟ್ಟಿಗೆ ಒಗೆದ ಜಾಗ ನೋಡಬೇಕೆನಿಸಿತು. ತುಂಗಭದ್ರೆ ಬಂಡೆಗಳ ನಡುವೆ ಸಣಕಲಾಗಿ ಹರಿಯುತ್ತಿದ್ದಳು. ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಅರ್ಧ ಗಂಟೆ ಕೂತು ವಾಪಸ್ ಬಂದೆ.

3 ಮಾರ್ಚ್, ಸೋಮವಾರ

ಇವತ್ತು ಆಯಿ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿ ತರಿಸಿದರು. ಬಟ್ಟೆಯಲ್ಲಿ ಕಟ್ಟಿದ್ದು. ತಾಟಿನಷ್ಟು ಅಗಲ. ತುಕ್ಕು.

‘ನಮ್ಮಪ್ಪ ಸಾಯೂಮುಂದ ಕೊಟ್ಟಿದ್ದ. ನಿಮ್ಮವ್ವ ಇದರಾಗ ಅದಾಳ, ತೆಗೀಬ್ಯಾಡ ಅಂದ. ತೆಗದ್ರ ನೋಡೂ ಮಷಿನ್ ಎಲ್ಲೈತಿ? ಅದಕ್ಕ ತೆಗೀಲಿಲ್ಲ.’

ಸಿದ್ದಲಿಂಗಪ್ಪನವರು ಮುಚ್ಚಳ ಎತ್ತಿದರು. ಹುಳಿ ವಾಸನೆ, ಕೆಟ್ಟ ಉಪ್ಪಿನಕಾಯಿಯಂತೆ. ಕಪ್ಪು ಸುರುಳಿ. ಅಂಚಿಗೆ ಬಿಳಿ ಬೂಷ್ಟು.

ನನ್ನ ಬಾಯಿಂದ ಬಂದದ್ದು ಇದು. ಹೇಗೆ ಬಂತೋ. ‘ಈಗ ನೋಡಾಕ ಬರ್ತೈತಿ ಆಯಿ. ಬೆಂಗಳೂರಾಗ ಮಾಡ್ತಾರ.’

ಆಯಿ ಮುಂದಕ್ಕೆ ಬಾಗಿದರು. ನನ್ನ ಕೈ ಹುಡುಕಿ ಹಿಡಿದರು. ಆಮೇಲೆ—‘ಮಳಿಗಾಲದ ಒಳಗ ಆಗತೈತೇನ?’

ಯಾರೂ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು.

5 ಮಾರ್ಚ್, ಬುಧವಾರ

ಹಳೆಯ ಫಿಲ್ಮ್ ಉಳಿಸುವವರ ನಂಬರ್ ಸಿಕ್ಕಿತು. ಏನು ಮಾತಾಡಬೇಕೆಂದು ಕಾಗದದಲ್ಲಿ ಬರೆದುಕೊಂಡು ಫೋನ್ ಮಾಡಿದೆ. ಬರೆದದ್ದನ್ನು ಓದಿದೆ. ಆತ ಒಳ್ಳೆಯವರು, ನಗಲಿಲ್ಲ.

ಹೇಳಿದ್ದು: ಡಬ್ಬಿ ತೆಗೆಯಬೇಡಿ. ಬಿಸಿಲು, ನೀರು ಎರಡೂ ತಾಕಬಾರದು. ಬೂಷ್ಟು ಹಿಡಿದ ಫಿಲ್ಮಿಗೆ ಒದ್ದೆ ಬಟ್ಟೆ ತಾಕಿದರೆ ಚಿತ್ರವೇ ಅಳಿಸಿ ಬರುತ್ತದೆ. 12ಕ್ಕೆ ಹುಬ್ಬಳ್ಳಿಗೆ ಬರುತ್ತೇನೆ, ಬ್ಯಾಡಗಿಗೂ ಬಂದು ನಾನೇ ಒಯ್ಯುತ್ತೇನೆ. ಅಲ್ಲಿಯತನಕ ತಂಪಾದ, ಒಣ ಜಾಗದಲ್ಲಿ ಇಡಿ. ‘ನಿಮ್ಮಲ್ಲಿ ಕೋಲ್ಡ್ ಸ್ಟೋರೇಜ್ ಏನಾದರೂ ಇದೆಯಾ?’

ನಗು ಬಂತು. ಮೆಣಸಿನಕಾಯಿ ಕೆಡದಂತೆ ಇಡಲು ಬ್ಯಾಡಗಿಯಲ್ಲಿ ಇರುವುದೇ ಅದು.

6 ಮಾರ್ಚ್, ಗುರುವಾರ

ಡಬ್ಬಿಯನ್ನು ಹಾವೇರಿಗೆ ಒಯ್ಯುತ್ತೇನೆ ಅಂದೆ. ಆಯಿ ಬಿಡಲಿಲ್ಲ. ಊರು ಬಿಟ್ಟು ಹೋಗುವುದು ಒಂದೇ ಸಲ, ಬೆಂಗಳೂರಿಗೆ ಅಂದರು. ಮನೆಯ ಫ್ರಿಜ್ಜಿನಲ್ಲಿಡಲು ಸೊಸೆ ನಿರ್ಮಲಾ ಒಪ್ಪಲಿಲ್ಲ. ತಪ್ಪಲ್ಲ—ಆ ವಾಸನೆ ಹಾಲಿಗೆ ಹತ್ತುತ್ತದೆ. ಸಿದ್ದಲಿಂಗಪ್ಪನವರು ಚೀಲ ತರಲು ಗುಂಟೂರಿಗೆ ಹೋಗಿದ್ದಾರೆ. ಹೋಗುವಾಗ ಹೇಳಿದ್ದರು, ‘ರುದ್ರಮುನಿ ಅವರ ಸ್ಟೋರೇಜಿಗೆ ಹೋಗಿ ನನ್ನ ಹೆಸರು ಹೇಳ್ರಿ, ಇಟ್ಕೋತಾರ.’

ಹೋದೆ. ಲಾರಿಗಳ ಸಾಲು. ಹಮಾಲರು ಒಂದೇ ಸಮನೆ ಚೀಲ ಹೊರುತ್ತಿದ್ದರು. ಗೇಟಿನಲ್ಲಿ ವಾಚ್‌ಮನ್.

‘ಎಷ್ಟ್ ಚೀಲರಿ?’

‘ಚೀಲ ಇಲ್ರಿ.’

‘ಮತ್ಯಾಕ ಬಂದ್ರಿ?’

‘ಸುಮ್ನ.’

‘ಸುಮ್ನ ಬರಾಕ ಇದೇನ್ ಗುಡೀನ?’ ಅಂದ. ಹಮಾಲರು ನಕ್ಕರು.

ವಾಪಸ್ ಬಂದೆ. ಡಬ್ಬಿ ಎಂಬ ಒಂದು ಶಬ್ದ ಬಾಯಿಗೆ ಬರಲಿಲ್ಲ.

ಗಾಡಿಗೆ ಹೊತ್ತಾಗಿತ್ತು. ಹೊರಡುವಾಗ ನಿರ್ಮಲಾ ಮಿಕ್ಸಿ ಹಚ್ಚಿದ್ದರು. ಬಾಗಿಲಲ್ಲಿ ನಿಂತು ಹೇಳಿದೆ—ಡಬ್ಬಿ ತೆಗೀಬ್ಯಾಡ್ರಿ, ಬಿಸಿಲಿಗೆ ಇಡಬ್ಯಾಡ್ರಿ, ನೀರು ಹಚ್ಚಬ್ಯಾಡ್ರಿ. ‘ಹೂಂ’ ಅಂದರು. ಕೇಳಿಸಿತೋ ಇಲ್ಲವೋ. ಮಿಕ್ಸಿ ನಿಲ್ಲುವವರೆಗೆ ಕಾಯಬಹುದಿತ್ತು.

ಆಯಿ ಕೇಳಿದರು, ಡಬ್ಬಿಗೆ ಏನಾಗಿದೆಯೆಂದು. ‘ಬೂಸರ ಹಿಡದೈತಂತ ಆಯಿ’ ಅಂದೆ. ಅಷ್ಟೇ ಅಂದೆ.

8 ಮಾರ್ಚ್, ಶನಿವಾರ

ಮತ್ತೆ ಸ್ಟೋರೇಜಿಗೆ ಹೋದೆ. ಇವತ್ತು ವಾಚ್‌ಮನ್ ಇರಲಿಲ್ಲ. ರುದ್ರಮುನಿಯವರೇ ಕುರ್ಚಿ ಹಾಕಿಕೊಂಡು ಫೋನಿನಲ್ಲಿದ್ದರು. ದಪ್ಪ ಮನುಷ್ಯ, ಜೋರು ದನಿ. ಹತ್ತು ನಿಮಿಷ ನಿಂತೆ. ಫೋನ್ ಇಟ್ಟು ನನ್ನನ್ನು ನೋಡಿದರು.

‘ಏನ್ಬೇಕಾಗಿತ್ತವಾ?’

ನಾನು ಕೇಳಿದ್ದು—‘ಟೈಮ್ ಎಷ್ಟಾತ್ರಿ?’

ನನ್ನ ಕೈಯಲ್ಲೇ ವಾಚು ಇತ್ತು. ಅವರು ಅದನ್ನು ನೋಡಿದರು. ಆದರೂ ಟೈಮ್ ಹೇಳಿದರು. ಹನ್ನೊಂದೂ ಕಾಲು.

ಸೋಮವಾರ ಒಂದು ಚೀಟಿ ಬರೆದು ತರುತ್ತೇನೆ. ಕೈಗೆ ಕೊಟ್ಟರಾಯಿತು. ಬರೆಯಲು ಬರುತ್ತದಲ್ಲ, ಅದೊಂದಾದರೂ.

10 ಮಾರ್ಚ್, ಸೋಮವಾರ

ಚೀಟಿ ಬರೆದಿದ್ದೆ. ನಾಲ್ಕು ಸಲ ತಿದ್ದಿ. ಬ್ಯಾಗಿನಲ್ಲಿದೆ ಈಗಲೂ.

ಮನೆಗೆ ಹೋದರೆ ಕೆಳಗೆ ಯಾರೂ ಇಲ್ಲ. ಮೇಲೆ ಮಾತು ಕೇಳಿತು. ಹತ್ತಿದೆ.

ಮಾಳಿಗೆಯ ತುಂಬ ಗೋಣಿತಾಟು ಹಾಸಿತ್ತು. ಅದರ ಮೇಲೆ ರೀಲು. ಪೂರ್ತಿ ಬಿಚ್ಚಿ, ಅತ್ತಿಂದಿತ್ತ ಸಾಲು ಹಾಕಿ, ತುದಿಗೊಂದು ಕಲ್ಲಿಟ್ಟು. ಹನ್ನೊಂದು ಗಂಟೆಯ ಬಿಸಿಲು. ಆಯಿ ಮೊಳಕಾಲೂರಿ ಒದ್ದೆ ಬಟ್ಟೆಯಿಂದ ಒಂದೊಂದೇ ಮೊಳ ಒರೆಸುತ್ತ ಬರುತ್ತಿದ್ದರು. ಕಣ್ಣಿನಿಂದಲ್ಲ, ಬೆರಳಿನಿಂದ. ಅಮೀರಬಿ ಒರೆಸಿದ್ದನ್ನು ಹಿಡಿದು ಹರವುತ್ತಿದ್ದಳು. ಬಕೆಟ್ಟಿನ ನೀರು ಕಪ್ಪಾಗಿತ್ತು.

‘ಬಂದ್ಯಾ? ನೋಡ ಬಾ’ ಅಂದರು ಆಯಿ. ‘ಬೂಸರ ಹಿಡದೈತಿ ಅಂದ್ಯಲ್ಲ, ಅದಕ್ಕ ಬಿಸಲಿಗೆ ಹಾಕೇನಿ. ಅರವತ್ ವರ್ಷ ಅದನ್ನ ಮಾಡೇನಿ ನಾನು. ತೇವ ಬಿಟ್ರ ಮಾಲು ಹೋಗತೈತಿ. ಹ್ಯಾಂಗ ಆಗೇತಿ ಹೇಳು?’

‘ಗಾಜಿನಂಗ ಆಗೇತಿ ದೇವವ್ವಾ’ ಅಂದಳು ಅಮೀರಬಿ. ‘ಆಚೀಕಡಿ ಗ್ವಾಡಿ ಕಾಣಸ್ತೈತಿ ನೋಡು.’

ಖರೇ. ಆಚೆಯ ಗೋಡೆ ಕಾಣುತ್ತಿತ್ತು. ಫಿಲ್ಮಿನಲ್ಲಿ ಏನೂ ಇರಲಿಲ್ಲ. ಬಿಸಿಲಿಗೆ ಸುರುಟಿ ಹೊಳೆಯುತ್ತಿತ್ತು, ಅಷ್ಟೇ. ಬಕೆಟ್ಟಿನ ನೀರನ್ನು ನೋಡಿದೆ. ಅವರವ್ವ ಅದರಲ್ಲಿದ್ದರು.

ಇವತ್ತು ಮಾತ್ರ ದನಿ ಬರಬೇಕಿತ್ತು. ಬರಲಿಲ್ಲ. ನಡುವಿನ ಒಂದು ಸಣ್ಣ ಗಂಟು ಬಿಚ್ಚಲಾಗದೆ ಅಂಟಿಕೊಂಡೇ ಉಳಿದಿತ್ತು. ಅದನ್ನೆತ್ತಿ ಕೆಳಗೆ ನೆರಳಿಗೆ ತಂದೆ.

‘ಅದನ್ಯಾಕ ಒಯ್ತೀ? ಅದು ಇನ್ನಾ ಒಣಗಿಲ್ಲ’ ಅಂತ ಆಯಿ ಕೂಗುತ್ತಿದ್ದರು.

24 ಮಾರ್ಚ್, ಸೋಮವಾರ

ಎರಡು ವಾರ ಬರೆಯಲಿಲ್ಲ.

12ಕ್ಕೆ ಫಿಲ್ಮಿನವರು ಬಂದರು. ನೋಡಿದರು. ಆ ಗಂಟನ್ನು ಡಬ್ಬಿಯಲ್ಲಿಟ್ಟುಕೊಂಡು ಹೋದರು. ಸಿದ್ದಲಿಂಗಪ್ಪ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ ಅಂದರು, ‘ನಮ್ಮವ್ವಗ ಇದು ಗೊತ್ತಾಗಬಾರದ್ರಿ. ತನ್ನ ಕೈಯಾರೆ ಹೋತು ಅಂತ ತಿಳದ್ರ ಉಣ್ಣೂದು ಬಿಡ್ತಾಳ. ಡಬ್ಬಿ ಹಳೇದಾಗಿತ್ತು, ಅದಕ್ಕ ಹೋತು. ಅಷ್ಟ.’ ತಲೆಯಾಡಿಸಿದೆ. ಅದು ಬರುತ್ತದೆ ನನಗೆ.

ಇವತ್ತು ಸ್ಟೇಷನ್ ದಾರಿಯಲ್ಲಿ ರುದ್ರಮುನಿಯವರು ಸ್ಕೂಟರ್ ನಿಲ್ಲಿಸಿದರು.

‘ಅವತ್ತ ಟೈಮ್ ಕೇಳಾಕ ಬಂದಾಕಿ ನೀನ ಹೌದಲ್ಲ? ಸಿದ್ದಲಿಂಗ ಡಬ್ಬಿ ವಿಷಯ ಹೇಳಿದ. ಎಂಥಾ ಹುಡುಗೀಯವಾ ನೀನು! ಸಾವಿರಗಟ್ಟಲೆ ಚೀಲ ಇಡಾಂವಗ ಒಂದ್ ಡಬ್ಬಿ ಭಾರ ಆಗ್ತಿತ್ತೇನ? ಒಂದ್ ಮಾತು. ಒಂದ ಮಾತು ಹೇಳಿದ್ರ ಆಗ್ತಿತ್ತು.’

ಬೈಯಲಿಲ್ಲ. ಮರುಗಿ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

30 ಮಾರ್ಚ್, ಯುಗಾದಿ

ಬೇವು ತಿಂದೆ. ಬೆಲ್ಲ ತಿನ್ನಲು ಮನಸ್ಸಾಗಲಿಲ್ಲ. ‘ಹಬ್ಬದ ದಿನ ಯಾರರ ಸತ್ತಂಗ ಮಾರಿ ಮಾಡ್ಕೊಂಡ ಕುಂತೀಯಲ್ಲ’ ಎಂದು ಅವ್ವ ರೇಗಿದಳು. ಅವಳಿಗೆ ಏನೂ ಗೊತ್ತಿಲ್ಲ. ನಮ್ಮೂರು ಅಗಡಿಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ಅವ್ವ ಬೇಯುವ ಹೋಳಿಗೆ ತಿರುವುತ್ತಿದ್ದಳು. ಹಣೆಯ ಮೇಲೆ ಬೆವರು, ಕೆನ್ನೆಗೆ ಹಿಟ್ಟು. ನೋಡುತ್ತ ಕೂತೆ. ಎಷ್ಟು ಹೊತ್ತು ಬೇಕಾದರೂ ನೋಡಬಹುದು ನಾನು.

17 ಏಪ್ರಿಲ್, ಗುರುವಾರ

ಬೆಂಗಳೂರಿನಿಂದ ಲಕೋಟೆ. ಆ ಗಂಟಿನಿಂದ ಹನ್ನೊಂದು ಚಿತ್ರ ಬಿಡಿಸಲು ಸಾಧ್ಯವಾಯಿತಂತೆ. ಓಡಿಸಿದರೆ ಒಂದು ಸೆಕೆಂಡೂ ಆಗುವುದಿಲ್ಲ. ಬೀರಲಿಂಗಪ್ಪನ ಮೂರು ವರ್ಷ, ಡಂಗುರ, ಟೆಂಟು—ಉಳಿದದ್ದು ಇಷ್ಟು. ಸ್ಪಷ್ಟವಾದ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕಳಿಸಿದ್ದಾರೆ.

ಮುಖವಿಲ್ಲ. ಎರಡು ಕೈ, ಮೆಣಸಿನಕಾಯಿ ಹರವುತ್ತಿರುವುದು. ಹಸಿರು ಬಳೆಯೋ ಕೆಂಪು ಬಳೆಯೋ, ಕಪ್ಪಾಗಿ ಕಾಣುತ್ತವೆ. ಬೆರಳು ಅಗಲಿಸಿ, ಅಂಗೈ ಒಳಕ್ಕೆ ಮಡಚಿ... ಆಯಿ ರೀಲು ಹರವುತ್ತಿದ್ದರಲ್ಲ, ಹಾಗೇ.

ಕಣ್ಣಲ್ಲಿ ನೀರು ಬಂತು. ಇಷ್ಟಾದರೂ ಇದೆ ಎಂದುಕೊಂಡೆ. ಆಮೇಲೆ ನೆನಪಾಯಿತು.

ಪ್ರೂಫ್ ನೋಡುವ ಭೂತಗನ್ನಡಿ ತಂದೆ. ಬಲಗೈ, ಮಣಿಕಟ್ಟಿನಿಂದ ಮೊಳಕೈವರೆಗೆ. ಎಡಗೈಯೂ. ಮತ್ತೆ ಬಲಗೈ. ಬೆಳಕು ಚೆನ್ನಾಗಿ ಬಿದ್ದಿದೆ. ಮೆಣಸಿನಕಾಯಿಯ ತೊಟ್ಟು ಕೂಡ ಎಣಿಸಬಹುದು.

ಚೇಳು ಇಲ್ಲ. ಯಾವ ಹಚ್ಚೆಯೂ ಇಲ್ಲ. ಪಕ್ಕದಲ್ಲಿ ದುಡಿಯುತ್ತಿದ್ದ ಯಾರೋ. ಕರೆವ್ವ ಅಲ್ಲ. ಕರೆವ್ವ ಬಕೆಟ್ಟಿನಲ್ಲೇ ಹೋದರು.

28 ಏಪ್ರಿಲ್, ಸೋಮವಾರ

ಹನ್ನೊಂದು ದಿನ ಮುಂದೂಡಿದೆ. ಇವತ್ತು ಹೋದೆ. ಮಳೆಗಾಲಕ್ಕೂ ಕಾಯಲಿಲ್ಲ ಆ ಕಣ್ಣು. ಬಾಗಿಲಲ್ಲಿ ನಿಂತರೆ ಯಾರೋ ಬೆಳಕಿಗೆ ಅಡ್ಡ ಬಂದದ್ದಷ್ಟೇ ಅವರಿಗೆ ತಿಳಿಯುತ್ತದೆ.

‘ಯಾರು? ಮಾತಾಡದ ನಿಂತೀ ಅಂದ್ರ ನೀನ ಇರಬೇಕು’ ಅಂದರು.

ಅಮೀರಬಿ ನಕ್ಕಳು. ಸಿದ್ದಲಿಂಗಪ್ಪ ನಗಲಿಲ್ಲ.

ಸತ್ಯ ಹೇಳಬೇಕೆಂದು ಗಾಡಿಯಲ್ಲಿ ನಿರ್ಧಾರ ಮಾಡಿದ್ದೆ. ಇದು ನಿಮ್ಮವ್ವ ಅಲ್ಲ ಆಯಿ, ತಪ್ಪು ನನ್ನದು. ಎರಡೇ ವಾಕ್ಯ. ಬಾಯಿಪಾಠ ಮಾಡಿದ್ದೆ.

ಚಿತ್ರವನ್ನು ತೊಡೆಯ ಮೇಲಿಟ್ಟೆ. ಅಂಗೈಯಿಂದ ಸವರಿದರು.

‘ಮುಖ ಐತೇನ?’

‘ಮುಖ ಹೋಗೇತಿ ಆಯಿ. ಕೈ ಅದಾವು. ಮೆಣಸಿನಕಾಯಿ ಹರವಾಕತ್ತಾವು.’

ತಾಯಿಯ ಮುಖದ ಆಸೆಯನ್ನು ಎಂಬತ್ತಾರು ವರ್ಷದ ಹೆಂಗಸು ಹೇಗೆ ನುಂಗುತ್ತಾಳೆಂದು ನೋಡಿದೆ. ಚಿತ್ರವನ್ನು ಇನ್ನೊಮ್ಮೆ ಸವರಿದರು, ಅಷ್ಟೇ.

‘ಹೋಗ್ಲಿ ಬಿಡು. ಬಿಸಲಿಗೆ ಹಾಕಿದ್ದಕ್ಕ ಇಷ್ಟರ ಉಳೀತು. ಹೌದಲ್ಲ?’

ಸಿದ್ದಲಿಂಗಪ್ಪ ಎದ್ದು ಹೊರಗೆ ಹೋದರು. ಅಮೀರಬಿ ಸೆರಗು ಬಾಯಿಗಿಟ್ಟುಕೊಂಡಳು. ಒರೆಸಿದ್ದಕ್ಕೇ ಚಿತ್ರ ಹೋಯಿತೆಂದು ಅವಳಿಗೂ ಯಾರೋ ಹೇಳಿದ್ದಾರೆ.

‘ಹೂಂ ಆಯಿ.’

‘ಬಲಗೈ ಮ್ಯಾಲ ನೋಡು. ಚೇಳು ಐತೇನ?’

ಎರಡು ವಾಕ್ಯ ನೆನಪಿದ್ದವು. ಸುಮ್ಮನಿದ್ದರೂ ಸಾಕಿತ್ತು, ನನ್ನ ಮೌನ ಅವರಿಗೆ ಅರ್ಥವಾಗುತ್ತದೆ. ಆದರೆ ಇವತ್ತು ದನಿ ಬಂತು. ನಿಚ್ಚಳವಾಗಿ, ಹೊರಗೆ ನಿಂತವರಿಗೂ ಕೇಳುವಷ್ಟು ಜೋರಾಗಿ.

‘ಐತ್ರಿ ಆಯಿ.’

‘ಎಲ್ಲಿ? ಬೊಟ್ಟು ಇಟ್ಟು ತೋರಸು.’

ಅವರ ತೋರುಬೆರಳು ಹಿಡಿದೆ. ತುದಿ ಕೆಂಪು, ಒರಟು. ಯಾರದೋ ಬರಿಗೈಯ ಮೇಲೆ, ಏನೂ ಇಲ್ಲದ ಜಾಗಕ್ಕೆ ಒಯ್ದು ಇಟ್ಟೆ.

‘ಇಲ್ಲೇನು?’

‘ಇಲ್ಲೇರಿ.’

ಬೆರಳು ಅಲ್ಲೇ ಇತ್ತು. ತೆಗೆಯಲೇ ಇಲ್ಲ. ನಾನು ಗಾಡಿಗೆ ಎದ್ದಾಗಲೂ ಅಲ್ಲೇ ಇತ್ತು. ಬಾಗಿಲಿಗೆ ಬಂದ ಮೇಲೆ ಹಿಂದಿನಿಂದ ಅಂದರು:

‘ಪುಸ್ತಕದಾಗ ಅದನ್ನೂ ಬರಿ ಮತ್ತ. ಮರೀಬ್ಯಾಡ.’

2 ಮೇ, ಶುಕ್ರವಾರ

ಪ್ರೆಸ್ಸಿನಲ್ಲಿ ಇವತ್ತು ಕೆಲಸ ಕಡಿಮೆ. ಪುಸ್ತಕ ಮುಗಿಸಿಬಿಡಬೇಕೆಂದು ಕೂತೆ. ಹುಟ್ಟು, ಪೆಟ್ಟಿಗೆ, ಡಂಗುರ, ಕರಪತ್ರ, ಹೊಳೆ—ಎಲ್ಲ ಬರೆದಾಗಿದೆ. ಒಂದೂ ಸುಳ್ಳಿಲ್ಲ ಅದರಲ್ಲಿ. ಜನ ಅವನನ್ನು ನಂಬದಿದ್ದರೂ ಅವನು ಇದ್ದದ್ದನ್ನೇ ತೋರಿಸಿದ.

ಕೊನೆಯ ಪುಟ ಉಳಿದಿದೆ. ಮೂರು ಸಲ ಬರೆದು ಹರಿದೆ. ನಾಲ್ಕನೆಯದು:

‘ಬೀರಲಿಂಗಪ್ಪನವರು ತೆಗೆದ ಚಿತ್ರಗಳಲ್ಲಿ ಇಂದು ಉಳಿದಿರುವುದು ಅವರ ಪತ್ನಿ ಕರೆವ್ವನ ಕೈಗಳು ಮಾತ್ರ. ಬಲಗೈಯ ಮುಂಗೈ ಮೇಲೆ—’